ಮೆಣಸಿನ ಸಸಿ ಕತ್ತರಿಸಿದ್ದು ಯಾರು?

ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಆರು ಮೆಣಸಿನ ಸಸಿಗಳಲ್ಲಿ ನಾಲ್ಕು ನೆಲಕ್ಕೆ ಮಲಗಿದ್ದವು. ಮಣ್ಣಿಗೆ ತಾಗಿಕೊಂಡ ಹಾಗೆ, ಬ್ಲೇಡಿನಲ್ಲಿ ಕೊಯ್ದಷ್ಟು ನೀಟಾಗಿ ಕಾಂಡ ತುಂಡಾಗಿತ್ತು. ಎಲೆ ಒಂದನ್ನೂ ತಿಂದಿರಲಿಲ್ಲ. ನಾನು ಹಿಂದೆ ಮುಂದೆ ನೋಡದೆ ಅಳಿಲಿನ ಮೇಲೆ ಕೇಸು ಹಾಕಿದೆ. ಹಗಲೆಲ್ಲ ಕುಂಡದ ಅಂಚಿನ ಮೇಲೆ ಓಡಾಡುತ್ತಿದ್ದದ್ದು ಅದೇ ತಾನೆ? ಬಲೆ ತಂದೆ, ಉಳಿದ ಎರಡು ಸಸಿಗಳ ಮೇಲೆ ಹೊದಿಸಿ ನಾಲ್ಕೂ ಮೂಲೆಗೆ ಕಲ್ಲಿಟ್ಟೆ. ಮಾರನೇ ದಿನ ಆ ಬಲೆಯೊಳಗೇ ಐದನೆಯದು ಮಲಗಿತ್ತು.

ಆಮೇಲೆ ಬುದ್ಧಿ ಬಂದು ಸಸಿಯ ಸುತ್ತಲಿನ ಮಣ್ಣನ್ನು ಬೆರಳಲ್ಲಿ ಕೆದಕಿದೆ. ಒಂದು ಇಂಚು ಕೆಳಗೆ ಬೂದು ಬಣ್ಣದ ಕೊಬ್ಬಿದ ಹುಳು ಒಂದು ಉಂಗುರದ ಹಾಗೆ ಸುರುಳಿ ಸುತ್ತಿಕೊಂಡು ಮಲಗಿತ್ತು. ರಾತ್ರಿ ಪಾಳಿ ಮುಗಿಸಿ ನಿದ್ದೆ! ಇದು ಒಂದು ಬಗೆಯ ಪತಂಗದ ಮರಿ. ಹಗಲು ಮಣ್ಣಿನಲ್ಲಿ ಅಡಗಿರುತ್ತದೆ, ಕತ್ತಲಾದ ಮೇಲೆ ಮೇಲೆ ಬಂದು ಎಳೆ ಕಾಂಡವನ್ನು ಬುಡದಲ್ಲೇ ಕಡಿಯುತ್ತದೆ. ಕಾಂಡ ಪೆನ್ಸಿಲ್‌ನಷ್ಟು ದಪ್ಪ ಆಯಿತು ಅಂದರೆ ಅದರ ಆಟ ಬಹುಮಟ್ಟಿಗೆ ಮುಗಿಯಿತು. ಮೊದಲು ಮಣ್ಣು ಕೆದಕಿ ಒಳಗೆ ಹುಳು ಇಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಒಂದು ಕಾಗದದ ಲೋಟದ ತಳ ಕತ್ತರಿಸಿ, ಸಸಿಯ ಸುತ್ತ ಕೊಳವೆಯ ಹಾಗೆ ನಿಲ್ಲಿಸಿ, ಎರಡು ಮೂರು ಸೆಂಟಿಮೀಟರ್ ಮಣ್ಣಿನೊಳಗೆ ಒತ್ತಿ. ಅಷ್ಟೇ ಸಾಕು. ನಾನು ಬಲೆಗೆ ಕೊಟ್ಟ ದುಡ್ಡು ದಂಡ, ಅಳಿಲಿಗೆ ಬೈದದ್ದೂ ದಂಡ.

ಕೈತೋಟ ಮಾಡುವವರಲ್ಲಿ ಬಹಳ ಜನ ಹೀಗೇ ಎಡವುತ್ತಾರೆ. ಎಲೆಯಲ್ಲಿ ತೂತು ಕಂಡ ತಕ್ಷಣ "ಏನು ಹೊಡೆಯಬೇಕು?" ಅಂತ ಕೇಳುತ್ತಾರೆ. "ಯಾರು ತಿಂದದ್ದು?" ಅಂತ ಕೇಳುವುದೇ ಇಲ್ಲ. ತೋಟಕ್ಕೆ ಬರುವ ಪ್ರತಿಯೊಂದು ಜೀವಿಗೂ ಅಲ್ಲಿ ಬೇಕಾಗಿರುವುದು ಯಾವುದೋ ಒಂದೇ ವಸ್ತು. ಒಂದಕ್ಕೆ ಎಳೆ ಚಿಗುರು, ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ನೀರು, ಮತ್ತೊಂದಕ್ಕೆ ಸುಮ್ನೆ ಒದ್ದೆ ನೆರಳು. ಆ ಒಂದು ವಸ್ತುವನ್ನು ಅದು ಬರುವ ಹೊತ್ತಿನಲ್ಲಿ ಮುಚ್ಚಿಟ್ಟರೆ ಅಥವಾ ಬೇರೆ ಕಡೆ ಇಟ್ಟರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಅದಕ್ಕೆ ಔಷಧಿ ಬಾಟಲಿಗಿಂತ ಮೊದಲು ಬೇಕಾಗಿರುವುದು ಟಾರ್ಚು. ರಾತ್ರಿ ಒಂಬತ್ತು ಗಂಟೆಗೆ ಒಂದು ಸುತ್ತು, ಬೆಳಗ್ಗೆ ಬೇಗ ಒಂದು ಸುತ್ತು ಹಾಕಿ ಬಂದರೆ ಗೊತ್ತಾಗುವಷ್ಟು ಬೇರೆ ಯಾವುದರಿಂದಲೂ ಗೊತ್ತಾಗುವುದಿಲ್ಲ.

ಖಾರ ಇರುವುದು ಯಾರಿಗಾಗಿ?

ಮೆಣಸಿನ ಗಿಡ ನೋಡಿದರೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. "ಖಾರದ ಗಿಡ ಅಲ್ವಾ, ಯಾವ ಪ್ರಾಣಿ ಮುಟ್ಟುತ್ತೆ?" ಅಂದುಕೊಂಡು ನೆಡುವವರಿದ್ದಾರೆ. ಅದು ಅರ್ಧ ಮಾತ್ರ ನಿಜ. ಖಾರ ಇರುವುದು ಕಾಯಿಯಲ್ಲಿ. ಎಲೆ, ಕಾಂಡದಲ್ಲಿ ಖಾರವೇ ಇಲ್ಲ ಅಂದರೂ ತಪ್ಪಾಗುವುದಿಲ್ಲ. ಹಾಗಾಗಿ ಮೊಲ, ಜಿಂಕೆ, ಬಸವನಹುಳು, ಕಂಬಳಿಹುಳು ಇವೆಲ್ಲ ಮೆಣಸಿನ ಎಲೆಯನ್ನು ಯಾವ ಸಂಕೋಚವೂ ಇಲ್ಲದೆ ತಿನ್ನುತ್ತವೆ. ಇನ್ನೊಂದು ತಪ್ಪು ತಿಳಿವಳಿಕೆ ಅಂದರೆ ಬೀಜದಲ್ಲಿ ಖಾರ ಜಾಸ್ತಿ ಅನ್ನುವುದು. ಖಾರ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ, ಅಷ್ಟೇ.

ಆ ಖಾರದ ಹೆಸರು ಕ್ಯಾಪ್ಸೈಸಿನ್. ನಮ್ಮ ಬಾಯಿಯ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಒಂದು ಪ್ರೊಟೀನ್ ಇದೆ. ಅದರ ಮಾಮೂಲಿ ಕೆಲಸ ಸುಡುವ ಬಿಸಿಯನ್ನು ಪತ್ತೆ ಹಚ್ಚುವುದು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಮೆದುಳಿಗೆ "ಸುಡ್ತಾ ಇದೆ" ಅಂತ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಇದೇ ಪ್ರೊಟೀನಿಗೆ ಹೋಗಿ ಅಂಟಿಕೊಳ್ಳುತ್ತದೆ. ಬಿಸಿ ಏನೂ ಇರುವುದಿಲ್ಲ, ಆದರೂ ಸುಟ್ಟ ಸುದ್ದಿ ಹೋಗುತ್ತದೆ. ಖಾರ ಅನ್ನುವುದು ರುಚಿ ಅಲ್ಲ, ಒಂದು ಸುಳ್ಳು ಸುದ್ದಿ! ಡೇವಿಡ್ ಜೂಲಿಯಸ್ ಮತ್ತು ಅವರ ತಂಡ 1997ರಲ್ಲಿ ಈ ಪ್ರೊಟೀನನ್ನು ಗುರುತಿಸಿತು, 2021ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲೂ ಬಂತು.

ನಮ್ಮ ತೋಟಕ್ಕೆ ಸಂಬಂಧಪಟ್ಟ ವಿಷಯ ಇದು: ಹಕ್ಕಿಗಳಲ್ಲೂ ಈ ಪ್ರೊಟೀನ್ ಇದೆ, ಆದರೆ ಅವುಗಳದ್ದು ಕ್ಯಾಪ್ಸೈಸಿನ್‌ಗೆ ಕ್ಯಾರೇ ಅನ್ನುವುದಿಲ್ಲ. ನಮಗೆ ಕಣ್ಣಲ್ಲಿ ನೀರು ಬರಿಸುವ ಹಣ್ಣುಮೆಣಸನ್ನು ಹಕ್ಕಿ ದ್ರಾಕ್ಷಿಯ ಹಾಗೆ ನುಂಗುತ್ತದೆ. ಗಿಡಕ್ಕೆ ಬೇಕಾಗಿರುವುದೂ ಅದೇ. ಇಲಿ, ಅಳಿಲಿನಂಥವು ಬೀಜವನ್ನು ಹಲ್ಲಲ್ಲಿ ಅರೆದುಬಿಡುತ್ತವೆ, ಅಲ್ಲಿಗೆ ಬೀಜದ ಕಥೆ ಮುಗಿಯಿತು. ಹಕ್ಕಿಗೆ ಹಲ್ಲಿಲ್ಲ. ಅದು ಇಡೀ ನುಂಗಿ, ಎಲ್ಲೋ ದೂರ ಒಂದು ಪೊದೆಯ ಕೆಳಗೆ ಹಿಕ್ಕೆ ಹಾಕುತ್ತದೆ, ಬೀಜಕ್ಕೆ ಉಚಿತ ಪ್ರಯಾಣ, ಜೊತೆಗೆ ಒಂದು ಚೂರು ಗೊಬ್ಬರ. ಅಮೆರಿಕದ ಅರಿಜೋನಾದಲ್ಲಿ ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ ಇದನ್ನು ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದರು. ಇಲಿ ಜಾತಿಯ ಪ್ರಾಣಿಗಳ ಹೊಟ್ಟೆಯಿಂದ ಬಂದ ಬೀಜ ಮೊಳೆಯಲೇ ಇಲ್ಲ, ಹಕ್ಕಿಯ ಹೊಟ್ಟೆಯಿಂದ ಬಂದದ್ದು ನೇರವಾಗಿ ಬಿತ್ತಿದ ಬೀಜದಷ್ಟೇ ಚೆನ್ನಾಗಿ ಮೊಳೆಯಿತು. ಕಾಯಿ ಹಣ್ಣಾದಾಗ ಕೆಂಪಾಗುವುದು ಕೂಡ ಹಕ್ಕಿಯ ಕಣ್ಣಿಗಾಗಿಯೇ. (ಖಾರಕ್ಕೆ ಇನ್ನೊಂದು ಕೆಲಸವೂ ಇದೆ. ಬೊಲಿವಿಯಾದ ಕಾಡು ಮೆಣಸಿನಲ್ಲಿ ರಸ ಹೀರುವ ತಿಗಣೆಗಳು ಚುಚ್ಚಿದ ತೂತಿನಿಂದ ಒಳಗೆ ಹೋಗುವ ಶಿಲೀಂಧ್ರವನ್ನು ಕ್ಯಾಪ್ಸೈಸಿನ್ ತಡೆಯುತ್ತದೆ ಅಂತ ಗೊತ್ತಾಗಿದೆ. ಗಿಡ ಒಂದೇ ಕಲ್ಲಿಗೆ ಎರಡು ಹೊಡೆದಿದೆ.)

ಇಷ್ಟು ಗೊತ್ತಾದರೆ ಬಹಳಷ್ಟು ಗೊಂದಲ ಕರಗುತ್ತದೆ. ಖಾರದ ಮೆಣಸಿನಕಾಯಿಗೆ ಇಲಿ, ಅಳಿಲು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಆದರೆ ದೊಣ್ಣೆ ಮೆಣಸಿನಕಾಯಿಯನ್ನು ಬಿಡುವುದಿಲ್ಲ, ಯಾಕೆಂದರೆ ಅದರಲ್ಲಿ ಕ್ಯಾಪ್ಸೈಸಿನ್ ತಯಾರಾಗುವುದೇ ಇಲ್ಲ. ಎಲ್ಲರೂ ಹೇಳುವ ಖಾರದ ನೀರಿನ ಸಿಂಪಡಣೆ ಅಳಿಲು, ಇಲಿ, ಮೊಲಗಳ ಮೇಲೆ ಸ್ವಲ್ಪ ಕೆಲಸ ಮಾಡುತ್ತದೆ, ಹಕ್ಕಿಯ ಮೇಲೆ ಸೊನ್ನೆ. ಹಕ್ಕಿಗೆ ಇಡುವ ಕಾಳಿಗೆ ಮೆಣಸಿನ ಪುಡಿ ಕಲಸಿ ಅಳಿಲನ್ನು ದೂರ ಇಡುವವರು ಇದೇ ಉಪಾಯ ಮಾಡುತ್ತಾರೆ. ಆನೆ ಬರುವ ಹೊಲಗಳ ಬೇಲಿಗೆ ಮೆಣಸು ಬಳಿಯುವುದೂ ಇದೇ ಲೆಕ್ಕದ ಮೇಲೆ. ಆದರೆ ಒಂದು ಮಳೆ ಬಂದರೆ ಸಿಂಪಡಿಸಿದ್ದೆಲ್ಲ ತೊಳೆದು ಹೋಗುತ್ತದೆ, ಮತ್ತೆ ಹೊಡೆಯಬೇಕು. ಗಾಳಿಗೆ ಎದುರಾಗಿ ನಿಂತು ಮಾತ್ರ ಹೊಡೆಯಬೇಡಿ. ಒಂದು ಸಲ ನಾನು ಹೊಡೆದಿದ್ದೇನೆ. ನಿಮ್ಮ ಟಿಆರ್‌ಪಿವಿ1 ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತದೆ.

ಗಿಡ ಗಟ್ಟಿಯಾದರೆ ಅರ್ಧ ಕಾವಲು

ತೋಟಕ್ಕೆ ಬರುವ ಪ್ರಾಣಿಗಳ ಬಗ್ಗೆ ಬರೆಯುವಾಗ ಗಿಡ ಬೆಳೆಸುವ ಮಾತು ಯಾಕೆ ಅಂದರೆ, ಎರಡೂ ಬೇರೆ ಬೇರೆ ಅಲ್ಲ. ಎರಡು ಎಲೆಯ ಸಸಿಯಿಂದ ಒಂದು ಎಲೆ ಹೋದರೆ ಅರ್ಧ ಗಿಡ ಹೋದ ಹಾಗೆ. ಎಂಬತ್ತು ಎಲೆಯ ಗಿಡದಿಂದ ಹತ್ತು ಹೋದರೂ ಇಳುವರಿಯಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ನೆಟ್ಟ ಮೇಲಿನ ಮೊದಲ ಮೂರು ನಾಲ್ಕು ವಾರ ಜೀವ ಬಿಟ್ಟು ಕಾಯಿರಿ, ಆಮೇಲೆ ಸ್ವಲ್ಪ ಕಣ್ಣು ಮುಚ್ಚಿಕೊಂಡರೂ ನಡೆಯುತ್ತದೆ.

ಮೆಣಸಿನ ಬೀಜ ಮೊಳೆಯಲು ಬೆಚ್ಚಗಿನ ಮಣ್ಣು ಬೇಕು, 25ರಿಂದ 30 ಡಿಗ್ರಿ ಆದರೆ ಒಳ್ಳೆಯದು. ಸಾಮಾನ್ಯ ತಳಿಗಳು ಒಂದೆರಡು ವಾರದಲ್ಲಿ ಬರುತ್ತವೆ, ವಿಪರೀತ ಖಾರದ ಕೆಲವು ತಳಿಗಳು ಮೂರು ನಾಲ್ಕು ವಾರ ಕಾಯಿಸುತ್ತವೆ, ಅಷ್ಟರಲ್ಲಿ ಬೇಜಾರಾಗಿ ಮಣ್ಣು ಕೆದಕಿ ನೋಡಿದರೆ ಕೆಟ್ಟಿತು. ಕುಂಡ ಹತ್ತು ಹನ್ನೆರಡು ಇಂಚಿನದ್ದಿರಲಿ, ದಿನಕ್ಕೆ ಆರು ಗಂಟೆಯಾದರೂ ಬಿಸಿಲಿರಲಿ. ಸಸಿ ಚಿಕ್ಕದಿರುವಾಗ ಒಳಗೋ ಎತ್ತರದಲ್ಲೋ ಇಟ್ಟು, ಏಳೆಂಟು ಎಲೆ ಬಂದ ಮೇಲೆ ಹೊರಗೆ ನೆಡುವುದು ನನ್ನ ಪದ್ಧತಿ. ನೇರವಾಗಿ ಮಡಿಯಲ್ಲಿ ಬಿತ್ತಿದರೆ ಹೊಸದಾಗಿ ಕೆದಕಿದ ಮಣ್ಣು ಕಂಡ ಅಳಿಲು, ಇಲಿಗಳಿಗೆ ಅದು ಆಮಂತ್ರಣ ಪತ್ರಿಕೆ. ಬೀನ್ಸ್, ಸೌತೆಯಂಥ ದಪ್ಪ ಬೀಜ ಬಿತ್ತಿದರೆ ಮೊಳಕೆ ಬರುವ ತನಕ ಮಡಿಯ ಮೇಲೆ ಒಂದು ತಂತಿ ಜಾಲರಿ ಹಾಸಿಡಿ.

ಗೊಬ್ಬರದ ವಿಷಯದಲ್ಲಿ ಒಂದು ಮಾತು. ಸಾರಜನಕ ಜಾಸ್ತಿ ಹಾಕಿದರೆ ಗಿಡ ಕಡುಹಸಿರಾಗಿ, ಮೆತ್ತಗೆ, ರಸಭರಿತವಾಗಿ ಬೆಳೆಯುತ್ತದೆ. ನೋಡಲು ಚೆಂದ. ನಮಗಿಂತ ಹೆಚ್ಚು ಚೆಂದ ಕಾಣುವುದು ಚಿಗುರಿನ ರಸ ಹೀರುವ ಸಸ್ಯಹೇನುಗಳಿಗೆ. ಎಲೆ ರಾಶಿ ಬರುತ್ತದೆ, ಹೂವು ಕಡಿಮೆ ಬರುತ್ತದೆ, ರಸ ಹೀರುವ ಹುಳು ಮಾತ್ರ ತುಂಬಿ ತುಳುಕುತ್ತದೆ. ಹಾಗೆಯೇ ಹೂವು ಉದುರಿದ್ದನ್ನೆಲ್ಲ ಹುಳುವಿನ ತಲೆಗೆ ಕಟ್ಟಬೇಡಿ. ಹಗಲು 32-35 ಡಿಗ್ರಿ ದಾಟಿದರೆ, ರಾತ್ರಿಯೂ ತಂಪಾಗದಿದ್ದರೆ ಮೆಣಸಿನ ಗಿಡ ತಾನೇ ಹೂವು ಉದುರಿಸುತ್ತದೆ. ಟೊಮೆಟೊ, ದೊಣ್ಣೆ ಮೆಣಸಿನಕಾಯಿಯ ತಳ ಕಪ್ಪಗಾಗಿ ಗುಳಿ ಬೀಳುವುದೂ ಯಾರೋ ಕಚ್ಚಿದ್ದಲ್ಲ. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸುವ ಹಾಗೆ ನೀರು ಹಾಕಿದರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪುವುದಿಲ್ಲ, ಅದರ ಫಲ ಅದು.

ಎಲೆ ಓದುವುದು

ಎಲೆಯ ಮೇಲೆ ಉಳಿದ ಗುರುತು ನೋಡಿದರೆ ಸಾಮಾನ್ಯವಾಗಿ ಕಳ್ಳ ಯಾರು ಅಂತ ಹೇಳಬಹುದು. ಅಡ್ಡಾದಿಡ್ಡಿ ತೂತು, ಪಕ್ಕದಲ್ಲಿ ಒಣಗಿದ ಬೆಳ್ಳಿ ಗೆರೆ ಇದ್ದರೆ ಬಸವನಹುಳು ಅಥವಾ ಚಿಪ್ಪಿಲ್ಲದ ಅದರ ನೆಂಟ. ತೂತಿನ ಕೆಳಗಿನ ಎಲೆಯ ಮೇಲೆ ಸಾಸಿವೆಯಷ್ಟು ಕಪ್ಪು ಹಿಕ್ಕೆ ಬಿದ್ದಿದ್ದರೆ ಮೇಲೆಲ್ಲೋ ಕಂಬಳಿಹುಳು ಇದೆ, ಹಿಕ್ಕೆಯಿಂದ ನೇರ ಮೇಲಕ್ಕೆ ಹುಡುಕಿ, ಗಿಡದ ಬಣ್ಣಕ್ಕೇ ಹೊಂದಿಕೊಂಡು ಕೂತಿರುತ್ತದೆ. ಕೊಂಬೆಯ ತುದಿ ಓರೆಯಾಗಿ ಕತ್ತರಿಯಲ್ಲಿ ಕತ್ತರಿಸಿದಂತಿದ್ದರೆ ಮೊಲ. ಎಳೆದು ಹರಿದಂತೆ ಚಿಂದಿಯಾಗಿದ್ದರೆ ಜಿಂಕೆ, ಅದಕ್ಕೆ ಮೇಲಿನ ಮುಂಹಲ್ಲು ಇಲ್ಲದ್ದರಿಂದ ಕಚ್ಚಿ ಎಳೆಯಲೇಬೇಕು. ಟೊಮೆಟೊದಲ್ಲಿ ಕೊಕ್ಕಿನಿಂದ ಕುಕ್ಕಿದ ಚೂಪು ಗುಳಿ ಇದ್ದರೆ ಹಕ್ಕಿ. ಹಗಲಲ್ಲಿ ಒಂದು ಬಾಯಿ ಕಚ್ಚಿ ಎಸೆದು ಇನ್ನೊಂದಕ್ಕೆ ಹೋಗಿದ್ದರೆ ಅಳಿಲೋ ಕೋತಿಯೋ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಒಳಗಿಂದ ಬುರುಡೆ ಮಾಡಿ, ಅಂಚಿನಲ್ಲಿ ಜೋಡಿ ಹಲ್ಲಿನ ಗೀರು ಬಿಟ್ಟಿದ್ದರೆ ಇಲಿ. ಎಲೆಯ ಅಂಚಿನಲ್ಲಿ ಬಳೆಯ ಚೂರಿನ ಹಾಗೆ ನೀಟಾದ ಅರ್ಧಚಂದ್ರ ಕತ್ತರಿಸಿದ್ದು ಕಂಡರೆ ಗಾಬರಿ ಬೇಡ. ಅದು ಎಲೆ ಕತ್ತರಿಸುವ ಒಂಟಿ ಜೇನು, ಗೂಡಿಗೆ ಗೋಡೆ ಕಟ್ಟಲು ಒಯ್ದಿದೆ. ಗಿಡಕ್ಕೆ ತೊಂದರೆ ಇಲ್ಲ, ಹೂವಿಗೆ ಲಾಭ.

ಮೆಣಸಿನ ಗಿಡದ ಎಲೆ ಮುದುಡುವುದು ಮಾತ್ರ ಬೇರೆಯದೇ ಅಧ್ಯಾಯ. ಎಲ್ಲಕ್ಕೂ "ಮುಟುರು ರೋಗ" ಅಂತ ಒಂದೇ ಹೆಸರಿಟ್ಟು ಒಂದೇ ಔಷಧಿ ಹೊಡೆಯುತ್ತಾರೆ, ಅದು ಕೆಲಸ ಮಾಡುವುದಿಲ್ಲ. ಮುದುಡಿದ ಎಲೆಯನ್ನು ಸರಿಯಾಗಿ ನೋಡಿ. ಅಂಚುಗಳು ಮೇಲಕ್ಕೆ ಎದ್ದು ಎಲೆ ದೋಣಿಯ ಹಾಗಾಗಿದ್ದರೆ ಥ್ರಿಪ್ಸ್ ಅನ್ನುವ, ರಸ ಹೀರುವ ಸಣ್ಣ ಕೀಟ ಇರಬಹುದು. ಒಂದು ಬಿಳಿ ಹಾಳೆಯ ಮೇಲೆ ಹೂವನ್ನೋ ಚಿಗುರನ್ನೋ ತಟ್ಟಿ, ಪೆನ್ಸಿಲಿನಲ್ಲಿ ಎಳೆದ ಚಿಕ್ಕ ಗೆರೆಗಳಂಥವು ಓಡಾಡಿದರೆ ಖಾತ್ರಿಯಾಯಿತು. ಅಂಚುಗಳು ಕೆಳಕ್ಕೆ ಬಾಗಿ ಎಲೆ ಮಗುಚಿದ ದೋಣಿಯಂತಾಗಿ, ಸಣ್ಣಗೆ ಉದ್ದವಾಗಿ, ತೊಟ್ಟು ನೀಳವಾಗಿದ್ದರೆ ನುಸಿ. ಇದು ಬರಿಗಣ್ಣಿಗೆ ಕಾಣುವುದೇ ಕಷ್ಟ, ಭೂತಗನ್ನಡಿ ಬೇಕು. ಇಡೀ ಗಿಡ ಕುಳ್ಳಗಾಗಿ, ಎಲೆಗಳು ಹಳದಿಯಾಗಿ ಮುದ್ದೆ ಮುದ್ದೆಯಾಗಿ, ಗಿಡ ಅಲ್ಲಾಡಿಸಿದರೆ ಬಿಳಿ ಧೂಳಿನ ಹಾಗೆ ಬಿಳಿನೊಣ ಎದ್ದರೆ ವೈರಸ್ ಅಂತ ಅನುಮಾನಿಸಿ. ವೈರಸ್‌ಗೆ ಮದ್ದಿಲ್ಲ. ಆ ಗಿಡ ಕಿತ್ತು ದೂರ ಹಾಕಿ, ಬೇರೆ ಗಿಡಗಳಿಗೆ ಬಿಳಿನೊಣ ಹೊತ್ತೊಯ್ಯುವ ಮೊದಲು. ಬೇಸರ ಆಗುತ್ತದೆ, ಆದರೂ ಕೀಳಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ನುಸಿ ಕೀಟವೇ ಅಲ್ಲ, ಅದು ಜೇಡನ ಬಳಗ, ಎಂಟು ಕಾಲಿನದ್ದು. ಕೀಟಕ್ಕೆ ಅಂತ ಇರುವ ಎಷ್ಟೋ ಔಷಧಿಗಳು ಅದಕ್ಕೆ ತಾಗುವುದಿಲ್ಲ. ಬದಲಿಗೆ ನುಸಿಯನ್ನು ತಿಂದು ಬದುಕುವ ಜೀವಿಗಳು ಸಾಯುತ್ತವೆ. ಔಷಧಿ ಹೊಡೆದು ಒಂದೆರಡು ವಾರದಲ್ಲಿ ನುಸಿ ಮೊದಲಿಗಿಂತ ಜಾಸ್ತಿ ಆಗುವುದು ಇದರಿಂದಲೇ. ಜನ ಆಗ ಇನ್ನೂ ಸ್ವಲ್ಪ ಹೊಡೆಯುತ್ತಾರೆ.

ಹೇನುಗಳ ಲೆಕ್ಕವೂ ಮಜವಾಗಿದೆ. ಒಂದು ಎಳೆ ಚಿಗುರನ್ನು ಮಗುಚಿ ನೋಡಿ. ಹಸಿರು ಎಳ್ಳಿನ ಹಾಗೆ ಗುಂಪು ಕಟ್ಟಿಕೊಂಡು, ಎಲ್ಲವೂ ತಲೆ ಕೆಳಗೆ ಹಿಂಭಾಗ ಮೇಲೆ ಮಾಡಿ ಸೂಜಿ ಚುಚ್ಚಿ ಕೂತಿರುತ್ತವೆ. ಹೆಣ್ಣು ಹೇನಿಗೆ ಗಂಡು ಬೇಕಿಲ್ಲ, ಮೊಟ್ಟೆಯೂ ಇಡಬೇಕಿಲ್ಲ, ನೇರವಾಗಿ ಮರಿ ಹಾಕುತ್ತದೆ. ಹೊಟ್ಟೆಯೊಳಗಿನ ಮರಿಯ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ಬೆಳೆಯುತ್ತಿರುತ್ತಾಳೆ. ಬೆಚ್ಚಗಿದ್ದರೆ ಹುಟ್ಟಿದ ಮರಿ ಒಂದು ವಾರ ಹತ್ತು ದಿನದಲ್ಲಿ ತಾನೇ ತಾಯಿ. ಸೋಮವಾರ ನಾಲ್ಕು ಕಂಡದ್ದು ಮುಂದಿನ ವಾರ ಕೊಂಬೆ ತುಂಬಿರುವುದರಲ್ಲಿ ಮಾಯ ಮಂತ್ರ ಏನೂ ಇಲ್ಲ.

ಹೇನಿಗೆ ಗಿಡದ ರಸದಲ್ಲಿ ಬೇಕಾಗಿರುವುದು ಸಾರಜನಕ, ಅದು ರಸದಲ್ಲಿ ತೀರಾ ಕಡಿಮೆ. ಹಾಗಾಗಿ ರಾಶಿ ರಸ ಹೀರಿ, ಬೇಡದ ಸಕ್ಕರೆಯನ್ನು ಹಿಂದಿನಿಂದ ಹನಿಹನಿಯಾಗಿ ಬಿಡುತ್ತದೆ. ಎಲೆ ಅಂಟಂಟಾಗುವುದು, ಆಮೇಲೆ ಅದರ ಮೇಲೆ ಕಪ್ಪು ಬೂಷ್ಟು ಬರುವುದು ಇದರಿಂದ. ಈ ಸಿಹಿಗೆ ಇರುವೆ ಬರುತ್ತದೆ, ಹಾಲಿಗಾಗಿ ದನ ಕಾದ ಹಾಗೆ ಹೇನನ್ನು ಕಾಯುತ್ತದೆ, ತಿನ್ನಲು ಬಂದವರನ್ನು ಓಡಿಸುತ್ತದೆ. ಮೆಣಸಿನ ಗಿಡದಲ್ಲಿ ಇರುವೆ ಸಾಲು ಕಂಡರೆ ಇರುವೆಯನ್ನು ಬೈಯುವ ಮೊದಲು ಅದು ಎಲ್ಲಿಗೆ ಹೋಗುತ್ತಿದೆ ಅಂತ ಹಿಂಬಾಲಿಸಿ. ಕುಂಡದ ಕಾಲುಗಳನ್ನು ನೀರಿನ ತಟ್ಟೆಯಲ್ಲಿಟ್ಟು ಇರುವೆಯ ದಾರಿ ಕಡಿದರೂ ಹೇನು ಇಳಿಯುತ್ತದೆ, ಕಾವಲುಗಾರರು ಇಲ್ಲವಾದರೆ ಬೇಟೆಗಾರರು ಬರುತ್ತಾರೆ. (ತಟ್ಟೆಯ ನೀರನ್ನು ವಾರಕ್ಕೆರಡು ಸಲ ಬದಲಿಸಿ, ಸೊಳ್ಳೆಗೆ ತೊಟ್ಟಿಲು ಆಗದಿರಲಿ.)

ಬೇಟೆಗಾರರಲ್ಲಿ ಗುಲಗಂಜಿ ಹುಳು ಎಲ್ಲರಿಗೂ ಗೊತ್ತು. ಅದರ ಮರಿ ಗೊತ್ತಿರುವುದಿಲ್ಲ. ಅದು ಅರ್ಧ ಇಂಚಿಗಿಂತ ಚಿಕ್ಕ ಮೊಸಳೆಯ ಹಾಗೆ ಕಪ್ಪಗೆ, ಬೆನ್ನಿನ ಮೇಲೆ ಕಿತ್ತಳೆ ಚುಕ್ಕೆ ಇಟ್ಟುಕೊಂಡು, ನೋಡಿದರೆ ಹೊಸಕಿ ಹಾಕಬೇಕು ಅನ್ನಿಸುವ ಹಾಗಿರುತ್ತದೆ. ಹೊಸಕಬೇಡಿ, ಹೇನು ತಿನ್ನುವುದರಲ್ಲಿ ಅದು ಯಾರಿಗೂ ಕಡಿಮೆ ಇಲ್ಲ. ಹೇನುಗಳ ನಡುವೆ ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಒಣಗಿದ ಕೆಲವು ಕಂಡರೆ ಅದೂ ಒಳ್ಳೆಯ ಸುದ್ದಿ. ಚಿಕ್ಕ ಕಣಜವೊಂದು ಹೇನಿನೊಳಗೆ ಮೊಟ್ಟೆ ಇಟ್ಟಿದೆ, ಅದರ ಮರಿ ಒಳಗಿಂದ ತಿಂದು ಮುಗಿಸಿದೆ, ಬೆನ್ನಿನಲ್ಲಿ ದುಂಡು ಕಿಂಡಿ ಇದ್ದರೆ ಹೊರಗೂ ಹೋಗಿದೆ. ದಪ್ಪ ಹಸಿರು ಕಂಬಳಿಹುಳುವಿನ ಬೆನ್ನ ಮೇಲೆ ಬಿಳಿ ಅಕ್ಕಿಕಾಳು ನಿಲ್ಲಿಸಿದಂತೆ ಕಂಡರೂ ಅದೇ ಕಥೆ, ಅವು ಕಣಜದ ಗೂಡುಗಳು. ಆ ಕಂಬಳಿಹುಳು ಇನ್ನು ಹೆಚ್ಚು ತಿನ್ನುವುದಿಲ್ಲ, ಅಲ್ಲೇ ಬಿಡಿ, ಅದರಿಂದ ಹೊರಡುವ ಕಣಜಗಳು ಉಳಿದವನ್ನು ನೋಡಿಕೊಳ್ಳುತ್ತವೆ.

ಇಷ್ಟಾದರೂ ಏನಾದರೂ ಹೊಡೆಯಲೇಬೇಕು ಅಂದರೆ ಮೊದಲು ಬರೀ ನೀರು. ಪೈಪಿನ ತುದಿ ಬೆರಳಲ್ಲಿ ಒತ್ತಿ ಎಲೆಯಡಿಗೆ ಜೋರಾಗಿ ಬಿಟ್ಟರೆ ಹೇನು ಉದುರುತ್ತದೆ, ಮತ್ತೆ ಮೇಲೆ ಹತ್ತುವುದು ಬಹಳ ಕಡಿಮೆ. ಆಮೇಲೆ ಸೌಮ್ಯವಾದ ಸೋಪಿನ ನೀರು. ಅದು ತಾಗಿದ ಹುಳುವನ್ನು ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಕೆಲಸವಿಲ್ಲ, ಅದಕ್ಕೇ ಎಲೆಯ ಅಡಿಭಾಗ ನೆನೆಯಬೇಕು. ಬೇವಿನ ಎಣ್ಣೆಯಾದರೆ ಲೀಟರ್ ನೀರಿಗೆ 5 ಮಿಲಿಲೀಟರ್, ಬೆರೆಯಲು ಎರಡು ಹನಿ ಸೋಪು. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳುವಿನ ಹಸಿವನ್ನೂ ಪೊರೆ ಬಿಡುವುದನ್ನೂ ಕೆಡಿಸುತ್ತದೆ, ಹಾಗಾಗಿ ಇವತ್ತು ಹೊಡೆದು ನಾಳೆ ಹೆಣ ಎಣಿಸಲು ಹೋದರೆ ನಿರಾಸೆ. ಯಾವುದನ್ನೇ ಆದರೂ ಸಂಜೆ, ಜೇನು ಮನೆಗೆ ಹೋದ ಮೇಲೆ ಹೊಡೆಯಿರಿ. ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಬಸವನಹುಳುವಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊಟ್ಟೆ ಸಿಪ್ಪೆ ಚೂರು ಸುತ್ತ ಹಾಕಿದರೆ ದಾಟುವುದಿಲ್ಲ ಅನ್ನುತ್ತಾರೆ, ಆದರೆ ದಾಟುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ, ಜಲ್ಲಿಪುಡಿ, ಮರದ ತೊಗಟೆ, ಉಣ್ಣೆಯ ಉಂಡೆ ಎಲ್ಲವನ್ನೂ ಲೆಟ್ಯೂಸ್ ಗಿಡಗಳ ಸುತ್ತ ಹಾಕಿ ನೋಡಿತು. ಏನೂ ಹಾಕದ ಗಿಡಗಳಿಗೂ ಇವಕ್ಕೂ ಹಾನಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡುವುದು ಎರಡು. ಸಂಜೆಯ ಬದಲು ಬೆಳಗ್ಗೆ ನೀರು ಹಾಕಿ, ರಾತ್ರಿ ಹೊತ್ತಿಗೆ ಮಣ್ಣಿನ ಮೇಲ್ಪದರ ಒಣಗಿರಲಿ. ಮತ್ತೆ ಒಂದು ಒದ್ದೆ ಹಲಗೆಯನ್ನೋ ಗೋಣಿಚೀಲವನ್ನೋ ಮಡಿಯ ಪಕ್ಕ ಹಾಸಿಡಿ, ಬೆಳಗ್ಗೆ ಎತ್ತಿ ನೋಡಿದರೆ ಇಡೀ ಸಂಸಾರ ಅಲ್ಲೇ ಸೇರಿರುತ್ತದೆ. ಕೈಗವಸು ಹಾಕಿಕೊಂಡೇ ಆರಿಸಿ, ಇವುಗಳಲ್ಲಿ ಮನುಷ್ಯರಿಗೆ ತೊಂದರೆ ಕೊಡುವ ಪರಾವಲಂಬಿಗಳೂ ಇರಬಹುದು. ಸೊಪ್ಪನ್ನು ಚೆನ್ನಾಗಿ ತೊಳೆಯಿರಿ ಅನ್ನುವುದಕ್ಕೂ ಇದೇ ಕಾರಣ.

ದೊಡ್ಡ ಅತಿಥಿಗಳು

ಟೊಮೆಟೊ ನಾಳೆ ಕೀಳೋಣ ಅಂದುಕೊಂಡ ದಿನವೇ ಹೋಗುತ್ತದೆ, ಅಲ್ವಾ? ಇದು ಹಣೆಬರಹ ಅಲ್ಲ. ನಾವು ಯಾವ ಬಣ್ಣಕ್ಕೆ ಕಾಯುತ್ತಿದ್ದೇವೋ ಹಕ್ಕಿಯೂ ಅದೇ ಬಣ್ಣಕ್ಕೆ ಕಾಯುತ್ತಿದೆ, ಅದು ನಮಗಿಂತ ಬೇಗ ಏಳುತ್ತದೆ. ಟೊಮೆಟೊ ಕಿತ್ತ ಮೇಲೂ ಹಣ್ಣಾಗುವ ಜಾತಿ. ತಳದಲ್ಲಿ ನಸುಗೆಂಪು ಮೂಡಿದ ದಿನವೇ ಕಿತ್ತು ಒಳಗಿಡಿ, ಕೆಲವೇ ದಿನಗಳಲ್ಲಿ ಕೆಂಪಾಗುತ್ತದೆ, ರುಚಿ ಹೋಗುವುದಿಲ್ಲ. ಮೆಣಸಿನಕಾಯಿ ಹಾಗಲ್ಲ, ಪೂರ್ತಿ ಹಸಿರಿರುವಾಗ ಕಿತ್ತರೆ ಸಾಮಾನ್ಯವಾಗಿ ಹಸಿರಾಗಿಯೇ ಬಾಡುತ್ತದೆ, ಬಣ್ಣ ತಿರುಗಲು ಶುರುವಾದ ಮೇಲೆ ಕಿತ್ತರೆ ಮುಂದುವರಿಯುತ್ತದೆ. ಒಂದೆರಡು ವಿಶೇಷ ಹಣ್ಣುಗಳನ್ನು ಗಿಡದಲ್ಲೇ ಬಿಡಬೇಕು ಅಂದರೆ ತೆಳು ಬಟ್ಟೆಯ ಚೀಲ ಕಟ್ಟಿ. ಕಾಯಿ ಚುಚ್ಚಿ ಮೊಟ್ಟೆ ಇಡುವ ಹಣ್ಣುನೊಣಕ್ಕೂ ಇದು ಮದ್ದು, ಆದರೆ ಕಾಯಿ ಎಳೆಯದಿರುವಾಗಲೇ ಕಟ್ಟಬೇಕು.

ಅಳಿಲು, ಹಕ್ಕಿಗಳು ಬೇಸಿಗೆಯಲ್ಲಿ ಟೊಮೆಟೊ, ಸೌತೆಗೆ ಬಾಯಿ ಹಾಕುವುದು ಎಷ್ಟೋ ಸಲ ಹಸಿವಿನಿಂದ ಅಲ್ಲ, ಬಾಯಾರಿಕೆಯಿಂದ. ಗಿಡಗಳಿಂದ ಸ್ವಲ್ಪ ದೂರದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟರೆ ಕಡಿಮೆಯಾಗುತ್ತದೆ ಅನ್ನುವುದು ನನ್ನ ಅನುಭವ. ಪೂರ್ತಿ ನಿಲ್ಲುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಹಳೆ ಸಿಡಿ, ಮಿನುಗುವ ಪಟ್ಟಿ, ಬೆದರುಬೊಂಬೆ ಇವೆಲ್ಲ ಹೊಸದರಲ್ಲಿ ಕೆಲಸ ಮಾಡುತ್ತವೆ. ಒಂದು ವಾರ ಕಳೆಯುವಷ್ಟರಲ್ಲಿ ಕಾಗೆ ಬೊಂಬೆಯ ತಲೆಯ ಮೇಲೇ ಕೂತು ಟೊಮೆಟೊ ನೋಡುತ್ತಿರುತ್ತದೆ. ಹಣ್ಣಾಗುವ ಹೊತ್ತಿಗೆ ಮಾತ್ರ ಹೊರಗೆ ತಂದು, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಸ್ವಲ್ಪ ಜಾಸ್ತಿ ಬಾಳುತ್ತದೆ. ಕೋತಿಯ ಗುಂಪಿನ ಮುಂದೆ ಇದ್ಯಾವುದೂ ನಿಲ್ಲುವುದಿಲ್ಲ. ಅವು ಬರುವ ಕಡೆ ಪೂರ್ತಿ ಜಾಲರಿಯ ಗೂಡು ಮಾಡಬೇಕು, ಇಲ್ಲವೇ ಅವುಗಳಿಗೆ ಆಸೆ ಕಡಿಮೆಯಿರುವ ಖಾರದ ಮೆಣಸು, ಹಾಗಲದಂಥವನ್ನು ಹೊರಗಿಟ್ಟು ಉಳಿದದ್ದನ್ನು ಒಳಗೆ ಬೆಳೆಯಬೇಕು.

ಬಲೆ ಕಟ್ಟುವವರಿಗೆ ಒಂದು ಕಟ್ಟುನಿಟ್ಟಿನ ಮಾತು. ಗಿಡದ ಮೇಲೆ ಸಡಿಲವಾಗಿ ಎಸೆದ, ದೊಡ್ಡ ಕಣ್ಣಿನ ನೈಲಾನ್ ಬಲೆ ಹಣ್ಣಿಗಿಂತ ಜಾಸ್ತಿ ಹಾವು, ಹಲ್ಲಿ, ಬಾವಲಿ, ಹಕ್ಕಿಗಳನ್ನು ಹಿಡಿಯುತ್ತದೆ. ಸಿಕ್ಕಿಕೊಂಡ ಹಾವು ಮುಂದಕ್ಕೆ ಹೋಗಲಾರದು, ಮೈಮೇಲಿನ ಹುರುಪೆಯ ಅಂಚು ತಡೆದು ಹಿಂದಕ್ಕೂ ಬರಲಾರದು. ಅದನ್ನು ಒಮ್ಮೆ ನೋಡಿದವರು ಆ ಬಲೆ ಮತ್ತೆ ಕಟ್ಟುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ ಮನೆಯ ಹಣ್ಣಿನ ಗಿಡಗಳಿಗೆ ಹಾಕುವ ಬಲೆಯ ಕಣ್ಣು 5 ಮಿಲಿಮೀಟರ್ ದಾಟಬಾರದು ಅಂತ ನಿಯಮವೇ ಇದೆ. ಪರೀಕ್ಷೆ ಸುಲಭ: ನಿಮ್ಮ ಬೆರಳು ಬಲೆಯ ಕಣ್ಣಿನಲ್ಲಿ ತೂರಿದರೆ ಆ ಬಲೆ ಬೇಡ. ಚಿಕ್ಕ ಕಣ್ಣಿನ ಬಿಳಿ ಬಲೆಯನ್ನು ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು, ನೆಲಕ್ಕೆ ತಾಗುವ ಹಾಗೆ ಕಟ್ಟಿ. ಸೌತೆ, ಕುಂಬಳದಂಥವು ಹೂ ಬಿಟ್ಟಾಗ ಬೆಳಗ್ಗೆ ಬಲೆ ತೆಗೆಯಲು ಮರೆಯಬೇಡಿ, ಜೇನು ಒಳಗೆ ಬರದಿದ್ದರೆ ಕಾಯಿ ಕಚ್ಚುವುದಿಲ್ಲ.

ಇಲಿಗೆ ಬಲೆ ಲೆಕ್ಕವಿಲ್ಲ, ಕಡಿಯುತ್ತದೆ. ಅದಕ್ಕೆ 6 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿಯೇ ಬೇಕು. ಕಾಂಪೋಸ್ಟ್ ಡಬ್ಬದ ತಳಕ್ಕೂ ಅದನ್ನೇ ಹೊಡೆಯಿರಿ, ಎಷ್ಟೋ ಮನೆಗಳಲ್ಲಿ ಇಲಿ ಬರುವುದು ಟೊಮೆಟೊಗಾಗಿ ಅಲ್ಲ, ಕಾಂಪೋಸ್ಟಿನಲ್ಲಿರುವ ಬೇಯಿಸಿದ ಊಟಕ್ಕಾಗಿ, ಟೊಮೆಟೊ ದಾರಿಯಲ್ಲಿ ಸಿಕ್ಕಿದ್ದು. ಇಲಿ ಪಾಷಾಣ ಇಡಬೇಡಿ ಅಂತಲೇ ನಾನು ಹೇಳುವುದು. ಇಲಿ ಪಾಷಾಣಗಳಲ್ಲಿ ಹೆಚ್ಚಿನವು ರಕ್ತ ಹೆಪ್ಪುಗಟ್ಟದಂತೆ ಮಾಡುವಂಥವು. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ತೂರಾಡಿಕೊಂಡು ಓಡಾಡುತ್ತದೆ, ಗೂಬೆಗೋ ಬೆಕ್ಕಿಗೋ ಸುಲಭವಾಗಿ ಸಿಗುತ್ತದೆ, ಆ ವಿಷ ಅವುಗಳಿಗೂ ಹೋಗುತ್ತದೆ. ಒಂದು ಇಲಿ ಕೊಲ್ಲಲು ಹೋಗಿ ಇಲಿ ಹಿಡಿಯುವ ಗೂಬೆಯನ್ನೇ ಕಳೆದುಕೊಂಡ ಹಾಗೆ. ಅಂಟಿನ ಹಲಗೆಯೂ ಬೇಡ, ಅದಕ್ಕೆ ಇಲಿಗಿಂತ ಮೊದಲು ಹಲ್ಲಿ ಅಂಟುತ್ತದೆ.

ಹಲ್ಲಿ, ಓತಿಕ್ಯಾತ, ಕಪ್ಪೆ, ಜೇಡ ಇವರೆಲ್ಲ ಸಂಬಳವಿಲ್ಲದ ಕೆಲಸಗಾರರು. ನೆರಳಿನ ಮೂಲೆಯಲ್ಲಿ ಒಡೆದ ಕುಂಡವೊಂದನ್ನು ಮಗುಚಿಟ್ಟರೆ ಕಪ್ಪೆಗೆ ಮನೆಯಾಯಿತು. ಕೊತ್ತಂಬರಿ, ಸಬ್ಬಸಿಗೆ ಎರಡು ಗಿಡ ಕೀಳದೆ ಹೂವಿಗೆ ಬಿಡಿ, ಆ ಕೊಡೆಯಂಥ ಹೂಗೊಂಚಲಿನ ಮೇಲೆ ಚಿಕ್ಕ ಕಣಜ, ಮರಿಯಾಗಿರುವಾಗ ಹೇನು ತಿನ್ನುವ ಬಗೆಯ ನೊಣ ಎಲ್ಲ ಬಂದು ಸೇರುತ್ತವೆ. ಬದನೆ ಹೂವಿನ ಮೇಲೆ ಕೂತು ಜೋರಾಗಿ ಝೇಂಕರಿಸುವ ದೊಡ್ಡ ಕಪ್ಪು ದುಂಬಿ ಕಂಡರೆ ಓಡಿಸಬೇಡಿ. ಬದನೆ, ಟೊಮೆಟೊ ಹೂವಿನಲ್ಲಿ ಪರಾಗ ಒಂದು ಕೊಳವೆಯೊಳಗಿದ್ದು, ನಡುಗಿಸಿದರೆ ಮಾತ್ರ ಉಪ್ಪಿನ ಡಬ್ಬಿಯಿಂದ ಉದುರಿದ ಹಾಗೆ ಉದುರುತ್ತದೆ. ಸಾಮಾನ್ಯ ಜೇನಿಗೆ ಆ ನಡುಕ ಬರುವುದಿಲ್ಲ, ಈ ದುಂಬಿಗೆ ಬರುತ್ತದೆ. ದುಂಬಿ ಬರದ ಎತ್ತರದ ಬಾಲ್ಕನಿಯಾದರೆ ಹೂಗೊಂಚಲಿಗೆ ನೀವೇ ಬೆಳಗ್ಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ.

ಅಂದು ಉಳಿದ ಆರನೆಯ ಸಸಿ ಈಗ ಸೊಂಟದೆತ್ತರ ಆಗಿದೆ. ಕೆಳಗಿನ ಕೊಂಬೆಗಳ ಕಾಯಿ ನನಗೆ, ತುದಿಯ ಕೆಂಪು ಹಣ್ಣು ಹಕ್ಕಿಗಳಿಗೆ ಅಂತ ನಾನು ಯಾವ ಒಪ್ಪಂದವನ್ನೂ ಮಾಡಿಕೊಂಡಿಲ್ಲ, ತುದಿ ನನಗೆ ಎಟುಕುವ ಮೊದಲೇ ಅವು ಖಾಲಿ ಮಾಡುತ್ತವೆ. ಹೋದ ತಿಂಗಳು ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಕಲ್ಲಿನ ಸಂದಿಯಲ್ಲಿ, ನಾಲ್ಕು ಎಲೆಯ ಒಂದು ಮೆಣಸಿನ ಸಸಿ ಕಂಡಿತು. ನಾನು ನೆಟ್ಟದ್ದಲ್ಲ. ತಂತಿಯ ಮೇಲೆ ಸಂಜೆ ಹೊತ್ತು ಯಾರು ಕೂರುತ್ತಾರೆ ಅಂತ ಗೊತ್ತು. ಬುಡದ ಮಣ್ಣು ಕೆದಕಿ ನೋಡಿ, ಒಂದು ಕಾಗದದ ಲೋಟ ಸಿಕ್ಕಿಸಿದ್ದೇನೆ.